ಜೆಜೂರಿಗೆ ಹೋದ ಕವಿ: ಭಕ್ತನೋ, ಬರೀ ಪ್ರವಾಸಿಯೋ?

ಮಧ್ಯಾಹ್ನದ ಊಟ ಮುಗಿದು, ಪಾತ್ರೆ ತೊಳೆದು ಬೋರಲು ಹಾಕಿ, ಇನ್ನೇನು ಸ್ವಲ್ಪ ಅಡ್ಡಾಗೋಣ ಎನ್ನುವ ಹೊತ್ತು. ಪಡಸಾಲೆಯಲ್ಲಿ ಅತ್ತೆ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಪಕ್ಕದಲ್ಲಿ ಬಿ.ಎ. ಓದುವ ಮಗಳು ಪರೀಕ್ಷೆಗೆಂದು ಇಂಗ್ಲಿಷ್ ಪದ್ಯಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಅತ್ತೆಗೆ ಇಂಗ್ಲಿಷ್ ಒಂದಕ್ಷರ ಬಾರದು. ಆದರೂ ಅವರ ಕೈ ತಟ್ಟನೆ ನಿಂತಿತು.

“ಏನಂದಿ? ಜೆಜೂರಿ ಅಂದ್ಯಲ್ಲ, ಇನ್ನೊಮ್ಮೆ ಅನ್ನು!”

“ಹೌದಜ್ಜಿ, ಪುಸ್ತಕದ ಹೆಸರೇ ಜೆಜೂರಿ. ಒಬ್ಬ ಕವಿ ಅಲ್ಲಿಗೆ ಹೋಗಿ ಬಂದು ಬರದಾನ.”

“ನಮ್ಮ ಮೈಲಾರಪ್ಪನ ಜೆಜೂರಿ? ನಿಮ್ಮ ಇಂಗ್ಲಿಷ್ ಪುಸ್ತಕದಾಗ ಹ್ಯಾಂಗ ಬಂತದು?”

ಅತ್ತೆಯ ಮುಖ ಅರಳಿದ್ದನ್ನು ನೋಡಬೇಕಿತ್ತು. ನಮ್ಮದು ರಾಣೆಬೆನ್ನೂರು ಸೀಮೆ. ಮನೆದೇವರು ದೇವರಗುಡ್ಡದ ಮಾಲತೇಶ. ಮಹಾರಾಷ್ಟ್ರದವರು ಖಂಡೋಬಾ ಎಂದು ಕರೆಯುವ ದೇವರೇ ನಮ್ಮ ಕಡೆಯ ಮೈಲಾರಲಿಂಗ. ಅಲ್ಲಿ ‘ಯಳಕೋಟ’ ಎಂದು ಕೂಗಿ ಭಂಡಾರ ಎರಚಿದರೆ, ಇಲ್ಲಿ ‘ಏಳುಕೋಟಿ’ ಎಂದು ಕೂಗಿ ಭಂಡಾರ ಹಚ್ಚುತ್ತಾರೆ. ಅಲ್ಲಿ ವಾಘ್ಯಾ, ಮುರಳಿಯರು; ಇಲ್ಲಿ ಕಂಬಳಿ ಹೊದ್ದು ಡಮರುಗ ಹಿಡಿದ ಗೊರವಯ್ಯಗಳು. ಅತ್ತೆ ಮದುವೆಯಾದ ಹೊಸತರಲ್ಲಿ ಮಾವನವರ ಜೊತೆ ಜೆಜೂರಿಗೂ ಒಮ್ಮೆ ಹೋಗಿಬಂದವರು. ಆ ಪ್ರಯಾಣದ ಕಥೆಯನ್ನು ನಾವು ಎಷ್ಟು ಸಲ ಕೇಳಿದ್ದೇವೋ!

“ಹಂಗಾದ್ರ ಓದಿ ಹೇಳು. ದೇವರ ಬಗ್ಗೆ ಏನು ಬರದಾನ ಕೇಳೂಣು” ಎಂದರು. ಮಗಳು ನನ್ನ ಮುಖ ನೋಡಿದಳು. ಏಕೆಂದರೆ ಆ ಪುಸ್ತಕ ಅತ್ತೆ ಎಣಿಸಿಕೊಂಡಂಥ ಭಕ್ತಿಯ ಪುಸ್ತಕವಾಗಿರಲಿಲ್ಲ.

ಪುಸ್ತಕದಲ್ಲಿ ಇರುವುದೇನು?

ಬರೆದವರು ಅರುಣ್ ಕೊಲಟ್ಕರ್. ಕೊಲ್ಹಾಪುರದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಜಾಹೀರಾತಿನ ಚಿತ್ರಕಲೆಯ ಕೆಲಸ ಮಾಡಿದವರು. ಮರಾಠಿ, ಇಂಗ್ಲಿಷ್ ಎರಡರಲ್ಲೂ ಕವಿತೆ ಬರೆದವರು. 1960ರ ದಶಕದಲ್ಲಿ ತಮ್ಮನನ್ನೂ ಒಬ್ಬ ಗೆಳೆಯನನ್ನೂ ಕೂಡಿಕೊಂಡು ಜೆಜೂರಿಗೆ ಹೋಗಿ ಬಂದರು. ಆ ಒಂದು ಪ್ರವಾಸದ ಮೇಲೆ ಬರೆದ 31 ಕವಿತೆಗಳ ಪುಸ್ತಕ 1976ರಲ್ಲಿ ಬಂತು. ಮರುವರ್ಷವೇ, ಅಂದರೆ 1977ರಲ್ಲಿ, ಕಾಮನ್‌ವೆಲ್ತ್ ಕಾವ್ಯ ಪ್ರಶಸ್ತಿ ಸಿಕ್ಕಿತು. ಕವಿ 2004ರಲ್ಲಿ ತೀರಿಕೊಂಡರು. ಮರುವರ್ಷ ನ್ಯೂಯಾರ್ಕಿನಲ್ಲಿಯೂ ಪುಸ್ತಕ ಹೊಸದಾಗಿ ಅಚ್ಚಾಯಿತು. ನಮ್ಮ ಕಾಲೇಜುಗಳಲ್ಲಿ ಇವತ್ತಿಗೂ ಅದರ ಪದ್ಯಗಳನ್ನು ಪಾಠ ಮಾಡುತ್ತಾರೆ.

ಪುಣೆಯಿಂದ ಸುಮಾರು 50 ಕಿಲೋಮೀಟರು ದೂರದ ಊರು ಜೆಜೂರಿ. ಪುಸ್ತಕ ಸರಕಾರಿ ಬಸ್ಸಿನಲ್ಲಿ ಶುರುವಾಗಿ ರೈಲು ಸ್ಟೇಷನ್ನಿನಲ್ಲಿ ಮುಗಿಯುತ್ತದೆ. ನಡುವೆ ಒಂದು ದಿನದ ತಿರುಗಾಟ. ಆದರೆ ಕವಿಯ ಕಣ್ಣು ಹೋಗುವುದು ನಾವು ಯಾತ್ರಿಕರು ನೋಡುವ ಕಡೆಗಲ್ಲ. ಬಸ್ಸು ಬರುವ ದಾರಿ ಕಾಯುತ್ತ, ಇಂದಿನ ಕಾಣಿಕೆ ಎಷ್ಟಾದೀತೆಂದು ಲೆಕ್ಕ ಹಾಕುವ ಪೂಜಾರಿ; ಅವನ ಮನಸ್ಸಿನಲ್ಲಿ ಹೂರಣದ ಹೋಳಿಗೆಯ ಆಸೆ. ಮಾಡು ಕುಸಿದುಬಿದ್ದ ಮಾರುತಿಯ ಗುಡಿಯಲ್ಲಿ ಮರಿ ಹಾಕಿಕೊಂಡು ಮಲಗಿದ ಬೀದಿನಾಯಿ. ಕೀಲು ಕಳಚಿ ವಾಲಿ ನಿಂತ ಹಳೇ ಬಾಗಿಲು. ಅದರ ಮೇಲೆ ಯಾರೋ ಒಣಹಾಕಿದ ಚಡ್ಡಿ. ಗುಡಿಯೆಂದು ಇಣುಕಿದರೆ ಒಳಗೆ ಕರು. ಅದು ದನದ ಕೊಟ್ಟಿಗೆ! ಜೊತೆಗೆ ಬಂದ ಒಬ್ಬನಂತೂ ಪೂಜೆಗೆ ಒಳಗೆ ಹೋಗದೆ ಹೊರಗೇ ಸಿಗರೇಟು ಸೇದುತ್ತ ಕೂರುತ್ತಾನೆ.

ಮಗಳು ಒಂದೊಂದನ್ನೇ ಕನ್ನಡ ಮಾಡಿ ಹೇಳುತ್ತ ಹೋದಂತೆ ಅತ್ತೆಯ ಮುಖ ಗಂಟಾಗುತ್ತ ಹೋಯಿತು. ಸಿಗರೇಟಿನ ಮಾತು ಬಂದಾಗ ಮೊರ ಪಕ್ಕಕ್ಕಿಟ್ಟು, “ಸಾಕು ಬಿಡವಾ. ಸಿಗರೇಟ್ ಸೇದಾಕ ಅಷ್ಟು ದೂರ ಯಾಕ ಹೋಗಬೇಕಿತ್ತು? ಮುಂಬಯ್ಯಾಗ ಜಾಗ ಇರಲಿಲ್ಲೇನು?” ಎಂದು ಎದ್ದು ಒಳಗೆ ಹೋದರು.

ನಮ್ಮ ಮಂಡಳದಲ್ಲಿ ಎರಡು ಪಕ್ಷ

ನನಗೆ ಸಮಾಧಾನವಾಗಲಿಲ್ಲ. ನಮ್ಮ ಓಣಿಯ ಹೆಂಗಸರು ಗುರುವಾರ ಸಂಜೆ ಒಂದೆಡೆ ಕೂಡುವ ರೂಢಿ ಇದೆ. ಹೊಲಿಗೆ, ಹಪ್ಪಳ, ಭಜನೆ, ಚೀಟಿ ಎಲ್ಲವೂ ಅಲ್ಲೇ. ಆ ವಾರ ಮಗಳನ್ನೂ ಪುಸ್ತಕವನ್ನೂ ಕರೆದುಕೊಂಡು ಹೋದೆ. ಅವಳು ಏಳೆಂಟು ಪದ್ಯಗಳನ್ನು ಓದಿ ಅರ್ಥ ಹೇಳಿದಳು. ಮುಗಿಯುವುದೇ ತಡ, ಉಪ್ಪಿನಕಾಯಿಗೆ ಉಪ್ಪು ಎಷ್ಟು ಎನ್ನುವ ಪ್ರಶ್ನೆಗೂ ಎದ್ದಿರದಂಥ ವಾದ ಎದ್ದಿತು.

ಮೊದಲು ಮಾತೆತ್ತಿದವರು ಭಜನೆ ಹೇಳಿಕೊಡುವ ಹಿರಿಯರು. “ಒಬ್ಬರ ಮನೀಗೆ ಉಣ್ಣಾಕ ಹೋಗಿ, ಅವರ ಮನಿ ಗ್ವಾಡಿ ಬಿರುಕು ಎಣಿಸಿಕೊಂಡು ಬರೂದು ಯಾವ ದೊಡ್ಡಸ್ತಿಕಿ? ಲಕ್ಷಾಂತರ ಮಂದಿ ಹರಕಿ ಹೊತ್ತು ಮೆಟ್ಟಿಲು ಹತ್ತತಾರ. ಅವರ ಕಣ್ಣೀರು ಇವಗ ಕಾಣಲಿಲ್ಲ, ಚಡ್ಡಿ ಕಾಣ್ತು!” ಅರ್ಧಕ್ಕರ್ಧ ಮಂದಿ ತಲೆದೂಗಿದರು.

ನಿವೃತ್ತರಾದ ಶಾಲೆಯ ಅಕ್ಕೋರು ಒಪ್ಪಲಿಲ್ಲ. “ಇದ್ದದ್ದು ಇದ್ದ ಹಾಂಗ ಬರದಾನಲ್ರೀ. ನಾವು ಹೋದಾಗ ನಾಯಿ, ಕಸ, ಸುಲಿಗಿ ನೋಡೂದಿಲ್ಲೇನು? ಮನೀಗೆ ಬಂದು ಬೈಕೋತೀವಿ, ಕಾಗದದ ಮ್ಯಾಲೆ ಬರದ್ರ ಮಾತ್ರ ಪಾಪ ಅಂತೀವಿ. ನಮ್ಮ ವಚನಕಾರರು 12ನೇ ಶತಮಾನದಾಗ ಗುಡಿ, ಕಲ್ಲು, ಪೂಜಾರಿ ಬಗ್ಗೆ ಆಡಿದ ಮಾತಿಗಿಂತ ಇದು ಖಾರ ಐತೇನು?” ಎಂದು ಕೇಳಿದರು.

“ವಚನಕಾರರು ಭಕ್ತರು, ಅಕ್ಕೋರ. ಮನಿಯಾಗಿನವರು ಬೈದರ ಅದು ಬ್ಯಾರೆ, ದಾರಿ ಮ್ಯಾಲೆ ಹೋಗಾವ ಬೈದರ ಅದು ಬ್ಯಾರೆ” ಎಂದು ಹಿರಿಯರು ಪಟ್ಟು ಬಿಡಲಿಲ್ಲ.

ಮೂರನೆಯ ಮಾತು ಬಂದದ್ದು ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯಿಂದ. ಅದುವರೆಗೆ ಬಾಯಿ ಬಿಡದೆ ಕೂತವಳು ಮೆಲ್ಲಗೆ ಕೇಳಿದಳು: “ಮೂರೂ ಮಂದಿ ಗಂಡಸರೇ ಹೋಗಿದ್ರಲ್ಲೇನ್ರೀ? ಜೋಡಿ ಬುತ್ತಿ ಇಲ್ಲ, ಕೂಸು ಇಲ್ಲ, ಅತ್ತಿ-ಮಾವ ಇಲ್ಲ. ಅದಕ್ಕ ಬಾಗಿಲಾ, ಪಾತರಗಿತ್ತಿ ಎಲ್ಲಾ ನೋಡ್ಕೋತ ನಿಂತಾರ. ನಾವು ಜಾತ್ರಿಗೆ ಹೋದ್ರ ನೀರು ಎಲ್ಲಿ, ಒಲಿ ಎಲ್ಲಿ ಹೂಡೂದು ಅಂತ ನೋಡೂದ್ರಾಗ ದಿನ ಮುಗೀತದ.”

ಎಲ್ಲರೂ ಗೊಳ್ಳೆಂದು ನಕ್ಕರು. ಆದರೆ ಯೋಚಿಸಿದರೆ ಆ ಮಾತಿನಲ್ಲಿ ತೂಕವಿದೆ, ಅಲ್ಲವೇ ಸೋದರಿಯರೇ? ಪುಸ್ತಕದಲ್ಲಿ ಹೆಂಗಸರಿಗೆ ಸಿಕ್ಕಿರುವ ಜಾಗ ಕಡಿಮೆ. ನೆನಪಿನಲ್ಲಿ ನಿಲ್ಲುವವರು ಚಿಲ್ಲರೆ ಕೇಳುವ ಮುದುಕಿ ಒಬ್ಬಳು, ಖಂಡೋಬನಿಗೆ ಬಿಟ್ಟ ಮುರಳಿ ಇನ್ನೊಬ್ಬಳು. ದೇವರಿಗೆ ಹೆಣ್ಣುಮಕ್ಕಳನ್ನು ಬಿಡುವ ಇಂಥ ಪದ್ಧತಿಯನ್ನು ನಮ್ಮ ಕರ್ನಾಟಕದಲ್ಲಿ 1982ರ ಕಾಯ್ದೆಯಿಂದ ನಿಷೇಧಿಸಿದರು. ಜಾತ್ರೆಯಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿ ಹತ್ತು ಮಂದಿಗೆ ಬಡಿಸುವ ತಾಯಿ ಈ ಕವಿಯ ಕಣ್ಣಿಗೆ ಬಿದ್ದಿಲ್ಲ. ಅದನ್ನು ಬರೆಯಬೇಕಾದವರು ಬಹುಶಃ ನಾವೇ ಇರಬೇಕು.

ದೊಡ್ಡವರಲ್ಲೂ ಒಮ್ಮತವಿಲ್ಲ

ನಾವು ಓದುಬರಹ ಕಡಿಮೆಯಿದ್ದವರು ಹೀಗೆ ಜಗಳವಾಡಿದೆವು ಎಂದು ನಾಚಬೇಕಿಲ್ಲ. ಸಾಹಿತ್ಯ ಬಲ್ಲವರೂ ಇದೇ ಜಗಳ ಆಡಿದ್ದಾರೆ. ಮರಾಠಿಯ ದೊಡ್ಡ ಕಾದಂಬರಿಕಾರ, 2014ರ ಸಾಲಿನ ಜ್ಞಾನಪೀಠ ಪಡೆದ ಭಾಲಚಂದ್ರ ನೇಮಾಡೆಯವರು, ಕೊಲಟ್ಕರ್ ಮುಂಬಯಿಯಿಂದ ವಾರದ ರಜೆಗೆ ಬಂದುಹೋಗುವ ಪ್ರವಾಸಿಯ ಹಾಗೆ ಜೆಜೂರಿಯನ್ನು ನೋಡಿದರು ಎಂದು ಆಕ್ಷೇಪಿಸಿದರು. ನಮ್ಮ ಭಜನೆಯ ಹಿರಿಯರು ಆ ಲೇಖನ ಓದಿದವರಲ್ಲ. ಆದರೂ ಆಡಿದ್ದು ಅದೇ ಮಾತು!

ಇನ್ನೊಂದು ಪಕ್ಷದವರು ಹೇಳುವುದು ಬೇರೆ. ಕೊಲಟ್ಕರ್ ಹೊರಗಿನವರೇನಲ್ಲ, ಮರಾಠಿ ಮಣ್ಣಿನವರು. ತುಕಾರಾಮ, ಜನಾಬಾಯಿಯಂಥ ಸಂತರ ಹಾಡುಗಳನ್ನು ಇಂಗ್ಲಿಷಿಗೆ ತಂದವರು. ಅವರ ಮರಾಠಿ ಕವಿತೆಗಳ ‘ಭಿಜಕೀ ವಹೀ’ಗೆ ಅವರು ತೀರಿಕೊಂಡ ಮೇಲೆ, 2005ರಲ್ಲಿ, ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರು ಜೆಜೂರಿಗೆ ಹೋಗಿ ಬಂದದ್ದಕ್ಕೂ ಪುಸ್ತಕ ಹೊರಬಂದದ್ದಕ್ಕೂ ನಡುವೆ ಹತ್ತಕ್ಕೂ ಹೆಚ್ಚು ವರ್ಷಗಳಿವೆ. ಬರೀ ಮೋಜಿಗೆ ಹೋದವನು ಒಂದು ಊರನ್ನು ಅಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಾನೇ?

ದೇವರನ್ನು ನಂಬುತ್ತೀರಾ ಎಂದು ಯಾರೋ ಕೇಳಿದ್ದಕ್ಕೆ, ಈ ಕಡೆ ಆ ಕಡೆ ಎಂದು ಪಕ್ಷ ಹಿಡಿಯುವ ಅಗತ್ಯ ತನಗೆ ಕಾಣುವುದಿಲ್ಲ ಎನ್ನುವ ಅರ್ಥದ ಉತ್ತರ ಕೊಟ್ಟರಂತೆ. ಪುಸ್ತಕದಲ್ಲಿಯೂ ಹಾಗೆಯೇ. ನಾಯಿ ಮಲಗಿದ ಆ ಪಾಳುಗುಡಿಯನ್ನು ನೋಡಿ ಕವಿ ನಗುತ್ತಾನೆ ಎಂದುಕೊಂಡರೆ, ಕೊನೆಗೆ ಅದನ್ನೂ ದೇವರ ಮನೆ ಎಂದೇ ಕರೆಯುತ್ತಾನೆ. ದೊಡ್ಡ ಗುಡಿಯ ಹೊರಗೆ ಯಶವಂತರಾವ್ ಎನ್ನುವ ಒಬ್ಬ ದೇವರು. ಅವನಿಗೆ ಕೈಯೂ ಇಲ್ಲ, ಕಾಲೂ ಇಲ್ಲ. ಆದರೆ ಕೈಕಾಲು ಮುರಿದವರ ಮೂಳೆ ಕೂಡಿಸುವವನು ಅವನೇ. ಸ್ವರ್ಗ ಕೊಡುತ್ತೇನೆ ಎಂದು ಹೇಳದ, ಮುರಿದದ್ದನ್ನು ಕಟ್ಟಿಕೊಡುವ ಈ ಸಣ್ಣ ದೇವರ ಮೇಲೆ ಕವಿಗೆ ಎಷ್ಟು ಅಕ್ಕರೆ! ಅಪಹಾಸ್ಯ ಮಾಡುವವನು ಹೀಗೆ ಬರೆಯಲಾರ ಎಂದು ನನಗನ್ನಿಸಿತು.

ಇನ್ನೂ ಒಂದು ಮಾತು. ಮೊದಲ ಪದ್ಯದಲ್ಲಿಯೇ, ಬಸ್ಸಿನಲ್ಲಿ ಎದುರಿಗೆ ಹಣೆಗೆ ನಾಮ ಹಚ್ಚಿದ ಮುದುಕನೊಬ್ಬ ಕೂತಿದ್ದಾನೆ. ಅವನ ಕನ್ನಡಕದ ಗಾಜುಗಳಲ್ಲಿ ಪ್ರವಾಸಿಗೆ ತನ್ನ ಮುಖವೇ ಎರಡಾಗಿ ಕಾಣುತ್ತದೆ. ಊರು ಬಂದು ಬಸ್ಸಿಳಿದರೂ ಆ ಮುದುಕನ ತಲೆಯೊಳಕ್ಕೆ ತಾನು ಕಾಲಿಡಲಿಲ್ಲ ಎಂದು ಕವಿಯೇ ಹೇಳಿಬಿಡುತ್ತಾನೆ. ಅಂದರೆ, ‘ನಾನು ಹೊರಗಿನಿಂದ ನೋಡಿದವನು, ಭಕ್ತನ ಮನಸ್ಸು ನನಗೆ ಸಿಕ್ಕಿಲ್ಲ’ ಎಂದು ಬಾಗಿಲಲ್ಲೇ ಒಪ್ಪಿಕೊಂಡ ಹಾಗೆ. ಒಪ್ಪಿಕೊಂಡವನನ್ನು ನಾವು ಮತ್ತೆ ಕಟಕಟೆಗೆ ಹತ್ತಿಸುತ್ತಿದ್ದೇವೆಯೋ ಏನೋ.

ಎಂಟಾಣೆ ಕೇಳಿದ ಮುದುಕಿ

ಇಷ್ಟಕ್ಕೆ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಆ ರಾತ್ರಿ ಊಟವಾದ ಮೇಲೆ ಮಗಳು ಪರೀಕ್ಷೆಗೆ ಬಂದೇ ಬರುತ್ತದೆಂದು ಒಂದು ಪದ್ಯವನ್ನು ಬಾಯಿಪಾಠ ಮಾಡುತ್ತಿದ್ದಳು. ಮುದುಕಿಯ ಪದ್ಯ. ಅತ್ತೆ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. “ಅದೇನು?” ಎಂದು ಅಲ್ಲಿಂದಲೇ ಕೇಳಿದರು. ಸಿಟ್ಟು ಇಳಿದಿರಲಿಲ್ಲ, ಆದರೆ ಕಿವಿ ಮಾತ್ರ ಇತ್ತ ಕಡೆಯೇ ಇತ್ತು.

ಮಗಳು ಹೇಳಿದಳು. ಗುಡ್ಡದ ಮೇಲೆ ಒಬ್ಬ ಮುದುಕಿ ಪ್ರವಾಸಿಯ ಅಂಗಿಯ ತೋಳು ಹಿಡಿದು ಬೆನ್ನು ಹತ್ತುತ್ತಾಳೆ. ಎಂಟಾಣೆ ಕೊಟ್ಟರೆ ದೇವರ ಕುದುರೆಯ ಗೊರಸು ಮೂಡಿದ ಗುಡಿ ತೋರಿಸುತ್ತಾಳಂತೆ. ಅವನು ಅದನ್ನು ನೋಡಿಯಾಗಿದೆ. ಕೊಡವಿದರೂ ಅವಳು ಬಿಡಳು, ಹಿಡಿತ ಇನ್ನೂ ಬಿಗಿ. ಇದನ್ನು ಇಲ್ಲಿಗೇ ಮುಗಿಸಬೇಕೆಂದು ಅವನು ಬಿರುಸಾಗಿ ತಿರುಗುತ್ತಾನೆ. ಈ ಬರಡು ಗುಡ್ಡದಲ್ಲಿ ಮುದುಕಿಯೊಬ್ಬಳು ಇನ್ನೇನು ತಾನೇ ಮಾಡಿಯಾಳು ಎನ್ನುವ ಅರ್ಥದ ಒಂದು ಮಾತು ಅವಳ ಬಾಯಿಂದ ಬರುತ್ತದೆ. ಆಗ ಅವನು ಮೊದಲ ಸಲ ಅವಳ ಕಣ್ಣು ನೋಡುತ್ತಾನೆ. ಆ ಕಣ್ಣಿನ ಸುತ್ತಲಿನ ಸುಕ್ಕು ಬಿರುಕಾಗಿ ಹಬ್ಬಿ, ಗುಡ್ಡ ಬಿರಿದು, ಗುಡಿ ಬಿರಿದು, ಆಕಾಶವೇ ಗಾಜಿನಂತೆ ಒಡೆದು ಬೀಳುತ್ತದೆ. ಒಡೆಯದೆ ನಿಲ್ಲುವವಳು ಮುದುಕಿ ಒಬ್ಬಳೇ. ಕೊನೆಗೆ ಅವಳ ಅಂಗೈಯಲ್ಲಿ ಚಿಲ್ಲರೆಯಾಗಿ ಹೋಗುವವನು ಆ ಪ್ರವಾಸಿಯೇ.

ಅತ್ತೆ ಏನೂ ಅನ್ನಲಿಲ್ಲ. ನಿದ್ದೆ ಹತ್ತಿತೇನೋ ಎಂದುಕೊಂಡೆವು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

“ನಮ್ಮ ಚಿಗವ್ವ ಒಬ್ಬಾಕಿ ಇದ್ಳು” ಎಂದು ಶುರು ಮಾಡಿದರು. “ಗಂಡ ಸತ್ತ ಮ್ಯಾಲೆ ಮನಿಯವರು ಹೊರಗ ಹಾಕಿದ್ರು. ಗುಡ್ಡದ ಮೆಟ್ಟಿಲ ಮ್ಯಾಲೆ ಭಂಡಾರದ ಪೊಟ್ಟಣ ಮಾರ್ತಿದ್ಳು. ಬಂದವರ ಸೆರಗು ಹಿಡದು ‘ತಗೋರಿ ನಮ್ಮವ್ವ’ ಅನ್ನಾಕಿ. ನಾ ಮದುವಿಯಾದ ವರ್ಷ, ಮಹಾನವಮಿ ಕಾರಣಿಕಕ್ಕ ಇವರ ಮನಿ ಮಂದಿ ಜೋಡಿ ಗುಡ್ಡಕ್ಕ ಹೋಗಿದ್ದೆ. ಹೊಸಾ ಸೀರಿ ಉಟ್ಟಿದ್ದೆ. ಚಿಗವ್ವ ಕಂಡು ಓಡಿ ಬಂದು ನನ್ನ ಕೈ ಹಿಡದ್ಳು. ಅತ್ತಿ, ನೆಗೆಣ್ಣಿ ಎಲ್ಲಾರೂ ನೋಡಾಕತ್ತಿದ್ರು. ನಾ ಕೈ ಕೊಡವಿದೆ. ‘ಯಾರವಾ ನೀ, ಬಿಡು’ ಅಂದೆ.”

ಮಗಳ ಪುಸ್ತಕ ಮಡಿಲಿಗೆ ಇಳಿಯಿತು.

“ಆಕಿ ಏನೂ ಅನ್ನಲಿಲ್ಲ. ನನ್ನ ಸಣ್ಣಂದಿನಿಂದ ಎತ್ತಿ ಆಡಿಸಿದಾಕಿ. ಸುಮ್ಮನ ಹಣಿಗೆ ಭಂಡಾರ ಹಚ್ಚಿ ಹೋದ್ಳು. ರೊಕ್ಕಾನೂ ಕೇಳಲಿಲ್ಲ. ಮುಂದಿನ ವರ್ಷ ಹೋಗೂದ್ರಾಗ ಆಕಿ ಇರಲಿಲ್ಲ.”

ಐವತ್ತಕ್ಕೂ ಹೆಚ್ಚು ವರ್ಷ ಈ ಮಾತು ಅವರ ಹೊಟ್ಟೆಯಲ್ಲಿಯೇ ಇತ್ತು. ಮಾವನವರಿಗೂ ಹೇಳಿರಲಿಲ್ಲವಂತೆ. ಮೂವತ್ತು ವರ್ಷ ಒಂದೇ ಒಲೆಯ ಮುಂದೆ ಅಡುಗೆ ಮಾಡಿದ ನನಗೂ ಗೊತ್ತಿರಲಿಲ್ಲ. ಏನು ಹೇಳಬೇಕೋ ತಿಳಿಯದೆ ನಾನು ಹೋಗಿ ಅವರ ಪಕ್ಕದಲ್ಲಿ ಕೂತೆ. ಮಗಳು ಅಜ್ಜಿಯ ಕೈ ಹಿಡಿದುಕೊಂಡಳು. ಆ ಕೈಯನ್ನು ಯಾರೂ ಕೊಡವಲಿಲ್ಲ.

“ಇನ್ನೊಮ್ಮೆ ಓದು” ಎಂದರು ಅತ್ತೆ. “ಕನ್ನಡಾ ಮಾಡಬ್ಯಾಡ. ಹಂಗ ಓದು, ತಿಳೀತದ.”

ಅತ್ತೆಯ ತೀರ್ಪು

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತ ನಾನೇ ಕೇಳಿದೆ: “ಹಂಗಾದ್ರ ಅತ್ತಿಯವರ, ಆ ಪುಸ್ತಕ ಛಲೋ ಐತೇನು?”

“ಆ ಮುದುಕಿ ಪದ್ಯ ಛಲೋ ಐತಿ” ಎಂದರು. “ಸಿಗರೇಟಿಂದು ನಾ ಒಪ್ಪೂದಿಲ್ಲ. ಕೊಟ್ಟಿಗಿ ಪದ್ಯಕ್ಕ ಸಿಟ್ಟೇನಿಲ್ಲ. ಕರು ಇದ್ದಲ್ಲೇ ದೇವರು ಇರ್ತಾನ.” ಕಲ್ಲಿಗೂ ದೇವರಿಗೂ ನಡುವೆ ಅಲ್ಲಿ ಹೆಚ್ಚು ಅಂತರವೇ ಇಲ್ಲ ಎನ್ನುವ ಅರ್ಥದ ಇನ್ನೊಂದು ಪದ್ಯವನ್ನು ಮಗಳು ನೆನಪಿಸಿದಾಗ ನಕ್ಕುಬಿಟ್ಟರು. “ಅದರಾಗ ಬೈಗಳ ಏನೈತಿ? ನಾವೂ ಕಲ್ಲಿಗೇ ಭಂಡಾರ ಹಚ್ಚೂದು. ಹಚ್ಚಿದ ಮ್ಯಾಲೆ ಅದು ಕಲ್ಲಲ್ಲ. ಅಷ್ಟು ಅವಗ ತಿಳಿದಿಲ್ಲ, ನಮಗ ತಿಳದೈತಿ.”

ಇದಕ್ಕಿಂತ ನೇರವಾದ ವಿಮರ್ಶೆಯನ್ನು ನಾನು ಎಲ್ಲಿಯೂ ಕೇಳಿಲ್ಲ. ಒಂದು ಪುಸ್ತಕವನ್ನು ಪೂರ್ತಿ ಒಪ್ಪಬೇಕು ಇಲ್ಲವೇ ಪೂರ್ತಿ ಬಿಸಾಡಬೇಕು ಎಂದು ನಾವು ಸಾಮಾನ್ಯವಾಗಿ ಹಟ ಹಿಡಿಯುತ್ತೇವೆ. ಅತ್ತೆ ತೊಗರಿಬೇಳೆ ಆರಿಸಿದ ಹಾಗೆ ಆರಿಸಿದರು. ಒಪ್ಪದ್ದನ್ನು ಬದಿಗಿಟ್ಟರು, ಬೇಕಾದದ್ದನ್ನು ಇಟ್ಟುಕೊಂಡರು. ಭಜನೆಯ ಹಿರಿಯರು ಇನ್ನೂ ಒಪ್ಪಿಲ್ಲ. ಅಕ್ಕೋರು ಇನ್ನೂ ಸೋತಿಲ್ಲ. ಇಬ್ಬರ ಮಾತೂ ನಡೆದೇ ಇದೆ. ನಡೆಯಲಿ ಬಿಡಿ.

ಈ ಸಲ ಮಹಾನವಮಿಗೆ ದೇವರಗುಡ್ಡಕ್ಕೆ ಹೋದೆವು. ಬಿಲ್ಲೇರಿದ ಗೊರವಪ್ಪನ ಕಾರಣಿಕ ಕೇಳಿಬಂದ ಮೇಲೆ, ಅತ್ತೆ ಮೆಟ್ಟಿಲ ಬದಿಗೆ ಪೊಟ್ಟಣ ಮಾರುವ ಒಬ್ಬೊಬ್ಬ ಮುದುಕಿಯ ಹತ್ತಿರವೂ ನಿಂತರು. ಎಲ್ಲರ ಹತ್ತಿರವೂ ಭಂಡಾರ ಕೊಂಡರು. ನಮ್ಮ ಮನೆಯಲ್ಲಿ ಈಗ ಎರಡು ಡಬ್ಬಿ ತುಂಬ ಭಂಡಾರವಿದೆ! “ಇಷ್ಟೆಲ್ಲಾ ಏನು ಮಾಡ್ತೀ ಅಜ್ಜಿ?” ಎಂದು ಮಗಳು ಕೇಳಿದರೆ, “ಹಚ್ಚಿಕೊಳ್ಳೂಣು, ಬಿಡವಾ” ಎಂದರು. 

ಅಂದ ಹಾಗೆ ಸೋದರಿಯರೇ, ನೀವೂ ಜೆಜೂರಿಗೋ ಮೈಲಾರಕ್ಕೋ ಹೋಗುವುದಿದ್ದರೆ ಹಳೆಯ ಸೀರೆಯನ್ನೇ ಉಡಿ. ಭಂಡಾರ ಎಂದರೆ ಅರಿಸಿನ. ಸಾಬೂನು ಹಚ್ಚಿದ ಕೂಡಲೇ ಕಲೆ ಕೆಂಪಾಗುತ್ತದೆ; ಗಾಬರಿಯಾಗಬೇಡಿ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿ, ಕ್ರಮೇಣ ಮಾಸುತ್ತದೆ. ಜೆಜೂರಿ ಪುಣೆ–ಮೀರಜ ರೈಲು ದಾರಿಯಲ್ಲೇ ಇದೆ. ಮೆಟ್ಟಿಲು ನೂರಾರು, ಬೆಳಗಿನ ತಂಪಿನಲ್ಲೇ ಹತ್ತಿ, ನೀರು ಜೊತೆಗಿರಲಿ. ಸಾಧ್ಯವಾದರೆ ಕೈಯಲ್ಲಿ ಸ್ವಲ್ಪ ಚಿಲ್ಲರೆಯೂ ಇರಲಿ. ಯಾರಾದರೂ ಸೆರಗು ಹಿಡಿದರೆ ಕೊಡುವುದು ಬಿಡುವುದು ನಿಮ್ಮಿಷ್ಟ. ಒಮ್ಮೆ ತಿರುಗಿ ಮುಖವನ್ನಾದರೂ ನೋಡಿ.

ಕವಿ ಭಕ್ತನೋ, ಪ್ರವಾಸಿಯೋ? ನಿಮ್ಮ ಮನೆಯಲ್ಲಿ ಮಕ್ಕಳು ಈ ಪುಸ್ತಕ ಓದುತ್ತಿದ್ದರೆ ಗಟ್ಟಿಯಾಗಿ ಓದಿಸಿ, ಮನೆಯ ಹಿರಿಯರನ್ನೂ ಕೂರಿಸಿಕೊಳ್ಳಿ. ಅವರು ಏನಂದರು ಎಂದು ನಮಗೂ ಬರೆದು ತಿಳಿಸುವಿರಾ?